ಸುಂಕು ಹತ್ತಿದ ಕೊರಳು

ಅಥವಾ ಆ ದಿನ ಅಕ್ಕನ ಕೊರಳು ಕೆಂಪಗೇ ಇರಲಿಲ್ಲವೇನೋ. ಎಷ್ಟೋ ಕಾಲದ ಮೇಲೆ ಓದಿದ್ದೊಂದು ಹಿಂದಕ್ಕೆ ಹೋಗಿ ಅದಕ್ಕೆ ಬಣ್ಣ ಹಚ್ಚಿರಬಹುದು. ನನ್ನ ನೆನಪನ್ನು ನಾನು ನಂಬುವವಳಲ್ಲ. ಅದು ಎಲ್ಲವನ್ನೂ ಒಪ್ಪ ಮಾಡಿ ಇಡುತ್ತದೆ.

ಇಷ್ಟು ನಿಜ. ನಿಜಾಮರ ಆಳ್ವಿಕೆಯ ಕೊನೆಯ ದಿನಗಳು. ಸುರಪುರದ ಹೆಣ್ಣುಮಕ್ಕಳ ಶಾಲೆಗೆ ಒಬ್ಬ ಶಿಕ್ಷಕಿ ಬೇಕಾಗಿತ್ತು. ದೋರನಹಳ್ಳಿಯಿಂದ ನಾವು ಅಕ್ಕತಂಗಿಯರಿಬ್ಬರೂ ಶಹಾಪುರಕ್ಕೆ ಪರೀಕ್ಷೆ ಕೊಡಲು ಹೊರಟೆವು. ಇದ್ದದ್ದು ಒಂದೇ ಜಾಗ. ನನಗಿಂತ ಅಕ್ಕನಿಗೆ ಅದು ಬೇಕಿತ್ತು. ಅವಳು ಕಲಿತ ನಾಲ್ಕಕ್ಷರ ಮನೆಯಲ್ಲಿ ಯಾರಿಗೂ ಬೇಡವಾಗಿತ್ತು; ಹಿಂದಿನ ಸಂಜೆಯವರೆಗೂ ಕಣದಲ್ಲಿ ಜೋಳ ತೂರಿದ್ದಳು. ತೂರುವಾಗ ಹಾರುವ ಸುಂಕು, ತೆನೆಯ ಆ ಚುಚ್ಚುವ ನವುರು ಹೊಟ್ಟು, ಮೈಗೆ ಹತ್ತಿದರೆ ತುರಿಕೆ.

ಬಂಡಿ ಹೊಡೆಯುತ್ತಿದ್ದ ಕಾಕಾ ದಾರಿಯುದ್ದಕ್ಕೂ ಕೆಣಕಿದ. "ಜ್ವಾಳದ ರಾಶಿ ಬಿಟ್ಟು ಇಂಗ್ಲೀಷ್ ಬಿತ್ತಾಕ ಹೊಂಟಾಳ ನೋಡು!"

ಪರೀಕ್ಷೆ ಮಾಡಲು ಬಂದ ಹಿರಿಯ ಶಿಕ್ಷಕಿ ಬಾಯಿಯವರು ಮನೆಯಲ್ಲಿ ದಖನಿ ಉರ್ದು ಆಡುವವರು, ನಮ್ಮೊಂದಿಗೆ ಕನ್ನಡದಲ್ಲೇ ಮಾತಾಡಿದರು. ಇಂಗ್ಲಿಷ್ ಪಾಠದೊಳಗಿನ ಒಂದು ಶಬ್ದದ ಅರ್ಥ ಕೇಳಿದರು: ಏಲ್ಮೆಂಟ್.

"ಮಾಮೂಲಿ ಬೀಮಾರಿರಿ, ಸಣ್ಣ ಬ್ಯಾನಿ" ಎಂದೆ ನಾನು, ಅಕ್ಕನಿಗಿಂತ ಮೊದಲೇ.

"ಖರೇನ. ಆದ್ರ ಎಷ್ಟು ಸಣ್ಣದವ್ವಾ? ಹುಡುಗ್ಯಾರು ಕೇಳಿದ್ರ ಏನಂತಿ?"

ನಾನು ಅದೇ ಮಾತನ್ನು ಮತ್ತೆ ಒಪ್ಪಿಸಿದೆ. ಪುಸ್ತಕದಲ್ಲಿ ಅಷ್ಟೇ ಇತ್ತು.

ಅಕ್ಕ ಸೆರಗು ಸರಿಸಿ ಕೊರಳು ತೋರಿಸಿದಳು. "ಜ್ವಾಳದ ಸುಂಕು ಹತ್ತಿ ತುರಸಾಕತ್ತದ ನೋಡ್ರಿ. ಇದರಿಂದ ಯಾರೂ ಸಾಯಂಗಿಲ್ಲ, ಹಾಸಿಗಿ ಹಿಡಿಯಂಗಿಲ್ಲ. ನೀರು ತರೂದೂ ತಪ್ಪಂಗಿಲ್ಲ. ಆದ್ರ ನೆಟ್ಟಗ ಕುಂಡ್ರಾಕ ಬಿಡಂಗಿಲ್ಲ. ಅಂಥಾ ಬ್ಯಾನಿರಿ."

ಬಾಯಿಯವರು ನಕ್ಕರು. "ಹಂಗಾರ ನಮ್ಮ ಹೆಣ್ಮಕ್ಕಳಿಗೆಲ್ಲಾ ಇದೇ ಅದ ಬಿಡು."

"ಹೌದ್ರಿ. ಅದಕ್ಕ ಯಾರೂ ಕೇಳಂಗಿಲ್ಲ."

ಜಾಗ ಅಕ್ಕನಿಗೆ ಸಿಕ್ಕಿತು. "ಸುಂಕಿಗೂ ನೌಕರಿ ಕೊಡ್ತಾರಂದ್ರ ನಾ ಇಷ್ಟೊತ್ತಿಗೆ ತಹಸೀಲ್ದಾರ ಆಗಬೇಕಿತ್ತು" ಎಂದ ಕಾಕಾ, ಮತ್ತು ಎತ್ತುಗಳನ್ನು ಹುಮ್ಮಸ್ಸಿನಿಂದ ಓಡಿಸಿದ. ಸೋತವಳು ನಾನು. ಆದರೂ ಊರು ಮುಟ್ಟುವವರೆಗೆ ಎದುರು ಬಂದವರಿಗೆಲ್ಲ ಕೂಗಿ ಸುದ್ದಿ ಹೇಳಿದವಳೂ ನಾನೇ.

ತಲೆ ನರೆತ ಮೇಲೆ ದಪ್ಪನೆಯ ಇಂಗ್ಲಿಷ್ ನಿಘಂಟೊಂದರಲ್ಲಿ ಆ ಶಬ್ದದ ಹುಟ್ಟು ಹುಡುಕಿದೆ. ಕಾಡುವುದು, ತೊಂದರೆ ಕೊಡುವುದು ಎಂಬ ಅರ್ಥದ ಹಳೆಯ ಇಂಗ್ಲಿಷ್ ಮಾತಿನಿಂದ ಬಂದದ್ದಂತೆ. ಪಕ್ಕದಲ್ಲೇ, ಹೆಚ್ಚುಕಡಿಮೆ ಅದೇ ರೂಪದ ಇನ್ನೊಂದು ಹಳೆಯ ಶಬ್ದ. ಅದರರ್ಥ ಜವೆಗೋಧಿ ತೆನೆಯ ಸುಂಕು. ಎರಡಕ್ಕೂ ಬೇರು ಒಂದೇ ಎಂದು ಹೇಳಲು ಆಧಾರ ಸಾಲದು. ಸಾಲದಿದ್ದರೇನು, ನನ್ನ ಎದೆಯುಬ್ಬಿತು. ದೋರನಹಳ್ಳಿಯ ಕಣದಿಂದ ಎದ್ದು ಹೋದವಳು ಆ ಹಳೆಯ ಇಂಗ್ಲಿಷ್ ಶಬ್ದದವರೆಗೆ ಕೈಚಾಚಿದ್ದಳಲ್ಲ!

ಆ ಖುಷಿಯೇ ಈಗ ನನ್ನ ಅನುಮಾನ. ನಿಘಂಟು ಮುಚ್ಚಿದ ಮೇಲೆ ನಾನೇ ಸುಂಕು ತಂದು ಅಕ್ಕನ ಕೊರಳಿಗೆ ಹಚ್ಚಿದೆನೇ? ಅಂದು ಅವಳು ತೋರಿಸಿದ್ದು ಬರೀ ನೆಗಡಿಯ ಮೂಗೇ? ಕೇಳಲು ಅಕ್ಕ ಇಲ್ಲ. ಕೆಲಸ ಅವಳಿಗೆ ಸಿಕ್ಕಿತು, ಮುದುಕಿಯಾಗುವವರೆಗೂ ಕಲಿಸಿದಳು. ಯಾವ ಮಾತಿಗೆ ಸಿಕ್ಕಿತು ಎಂಬುದು ನನಗೆ ಗೊತ್ತಿಲ್ಲ.