ಕಾಗದದ ಹೂವಿಗೆ ದೇವರ ನೀರು

ಭಾನುವಾರ ಬೆಳಗ್ಗೆ ನಮ್ಮ ಓಣಿಯವರ ಜೊತೆ ಜಗಳ ಆಡಿದೆ. ಒಂದು ಗಿಡಕ್ಕಾಗಿ! ನಗಬೇಡಿ, ನನಗೆ ಇನ್ನೂ ಮೈ ಉರಿಯುತ್ತಿದೆ.

ಬೈರಿದೇವರಕೊಪ್ಪದ ನಮ್ಮ ಓಣಿಯ ತಿರುವಿನಲ್ಲಿ ಇಮಾಮಸಾಬ್ ಕಾಕಾ ಅವರ ಸ್ಕೂಟರ್ ಗ್ಯಾರೇಜ್ ಇದೆ. ಪಕ್ಕದಲ್ಲಿ ಇಟ್ಟಿಗೆ ಚೂರು, ಗರಸು ಸುರಿದಿದ್ದ ಜಾಗ. ಅಲ್ಲಿ ಕಾಕಾ ಇಪ್ಪತ್ತು ವರ್ಷದ ಹಿಂದೆ ಕಾಗದದ ಹೂವಿನ ಟೊಂಗೆಯೊಂದನ್ನು ಊರಿದ್ದರು. (ಬೋಗನ್‌ವಿಲ್ಲಾ ಅಂದರೆ ಬೇಗ ಗೊತ್ತಾದೀತು.) ಏಪ್ರಿಲ್ ಬಿಸಿಲಿಗೆ ನಾವೆಲ್ಲ ಬಾಡಿದರೆ, ಅದು ಎಲೆಯೇ ಕಾಣದಷ್ಟು ಹೂ ಬಿಡುತ್ತಿತ್ತು. ಅದರ ನೆರಳಿನಲ್ಲೇ ಕಾಕಾರ ಸ್ಟೂಲು, ನಟ್ಟು ಬಿಚ್ಚುವ ಪಾನಾ, ಚಹಾ. 'ಹೂವಿನ ಗ್ಯಾರೇಜ್' ಎಂದರೆ ಆಟೋದವರು ಸೀದಾ ಬಂದು ನಿಲ್ಲಿಸುತ್ತಿದ್ದರು.

ಹೋದ ವರ್ಷ ನಮ್ಮ ಓಣಿ ಕಮಿಟಿಗೆ ಸೌಂದರ್ಯದ ಹುಚ್ಚು ಹಿಡಿಯಿತು. ಗರಸು ತೆಗೆಸಿ ಎರೆಮಣ್ಣು ತುಂಬಿಸಿದರು. ಗೊಬ್ಬರ ಸುರಿದರು. ಸುತ್ತ ಕಟ್ಟೆ ಕಟ್ಟಿ ಟೈಲ್ಸ್ ಹಚ್ಚಿದರು. ಕಟ್ಟೆ ಎದ್ದ ಮೇಲೆ ಕೇಳಬೇಕೆ? ಪೂಜೆಯ ನೀರನ್ನು ಯಾರೂ ತುಳಿಯಬಾರದು, ಗಿಡದ ಬುಡಕ್ಕೇ ಹಾಕಬೇಕು. ಅಂಗಳವಿಲ್ಲದ ಮನೆಯವರೆಲ್ಲ ದಿನಾ ತಂಬಿಗೆ ಹಿಡಿದು ಬಂದರು. ಸೋಮವಾರ ಅಭಿಷೇಕ ಮಾಡಿದವರು ಬಕೆಟ್ ತಂದರು. (ನಮ್ಮ ಮನೆಯ ತಂಬಿಗೆಯೂ ಇತ್ತು. ಒಯ್ಯುತ್ತಿದ್ದವನು ನಾನೇ.)

ಗಿಡ ಏನು ಮಾಡಬೇಕು? ಎಲೆ ಬಿಟ್ಟಿತು. ಬರೀ ಎಲೆ. ಈ ಬೇಸಿಗೆಯಲ್ಲಿ ಒಂದೂ ಹೂವಿಲ್ಲ. ಈಗ ಆ ಎಲೆಯೂ ಹಳದಿಯಾಗಿ ಉದುರುತ್ತಿದೆ.

ಭಾನುವಾರ ಕಮಿಟಿ ಅಧ್ಯಕ್ಷರು ಗರಗಸದವನನ್ನು ಕರೆದುಕೊಂಡೇ ಬಂದರು. "ಹೂ ಇಲ್ಲ ಏನಿಲ್ಲ, ಬರೇ ಕಸಾ. ಕಡದು ಛಲೋ ಒಂದು ಪಾಮ್ ಹಚ್ಚೋಣ್ರಿ."

ಕಾಕಾ ಪಾನಾ ಒರೆಸುತ್ತ ನಿಂತಿದ್ದರು. ನನಗೆ ತಡೆಯಲಾಗಲಿಲ್ಲ. "ಕಾಕಾ, ಏನರ ಮಾತಾಡ್ರಿ! ನಿಮ್ಮ ಗಿಡಾ ಅಲ್ಲೇನ್ರಿ?"

"ಅದಕ್ಕ ಬಿಸಲ ಬೇಕ್ರಿ ಸಾಹೇಬ್ರ, ನೀರಲ್ಲ. ಬುಡಕ್ಕ ನೀರ ನಿಂತ್ರ ಬೇರ ಕೊಳಿತಾವ. ಮಣ್ಣ ಒಣಗಿದ್ರನ ಹೂ ಬಿಡತೈತಿ."

"ಮತ್ತ ಇಷ್ಟ ದಿನಾ ಯಾಕ ಹೇಳ್ಲಿಲ್ರಿ?"

ಕಾಕಾ ದನಿ ತಗ್ಗಿಸಿದರು. "ದೇವರ ನೀರ್ರಿ ಅದು. ನಾ ಬ್ಯಾಡ ಅಂದ್ರ ಮಂದಿ ಏನ್ ತಿಳ್ಕೋತಾರ್ರಿ?"

ನನಗೆ ಮೊದಲು ನಾಚಿಕೆಯಾಯಿತು. ಆಮೇಲೆ ಸಿಟ್ಟು ನೆತ್ತಿಗೇರಿತು. "ಗಿಡಾ ಮುಟ್ಟಬ್ಯಾಡ್ರಿ. ಮೊದಲ ಕಟ್ಟಿ ಒಡೀರಿ!" ಎಂದು ಕೂಗಿದೆ.

"ಟೈಲ್ಸ್ ಹೊಸಾವ ಅದಾವಲ್ರಿ ಸರ್!" ಎಂದರು ಅಧ್ಯಕ್ಷರು.

ನೋಡಿ, ಚಿಂತೆ ಯಾವುದಕ್ಕೆ! ಕೊನೆಗೆ ಗಿಡಕ್ಕೆ ಒಂದು ತಿಂಗಳ ವಾಯಿದೆ ಸಿಕ್ಕಿತು. ನಾನೂ ಕಾಕಾನೂ ಕಟ್ಟೆಯ ಒಂದು ಬದಿ ಒಡೆದು ನೀರಿಗೆ ದಾರಿ ಮಾಡಿದೆವು. ಬೇರು ಕೊಳೆಯದೆ ಉಳಿದಿದ್ದರೆ ಬದುಕೀತು ಎನ್ನುತ್ತಾರೆ ಕಾಕಾ.

ಕಮಿಟಿಯವರನ್ನು ಬಯ್ಯುವುದು ಸುಲಭ, ಬಯ್ದೂ ಆಯಿತು. ಆದರೆ ದಿನಾ ತಂಬಿಗೆ ಹಿಡಿದು ಕಾಕಾರ ಮುಂದೆಯೇ ಹಾದುಹೋದ ನನಗೆ, "ಹಾಕಲೇನ್ರಿ?" ಎಂದು ಒಂದು ಮಾತು ಕೇಳಲು ಯಾಕೆ ಹೊಳೆಯಲಿಲ್ಲ?