ಮಡಿಕೆಯಲ್ಲಿ ಕಳೆದುಹೋದ ಊರು

ಕಂಕುಳಲ್ಲಿ ಊರಿಟ್ಟುಕೊಂಡು ಕೂಸನ್ನೆಲ್ಲ ಕೇಳಿದರಂತೆ. ಗಾದೆ ತಿರುಚಿದ್ದಾನೆ ಎಂದು ಸಂಪಾದಕರಿಗೆ ಕಾಗದ ಬರೆಯಬೇಡಿ. ಗಾದೆ ಸುಳ್ಳಾದರೂ ಈ ಕಥೆ ಸುಳ್ಳಲ್ಲ. ಕೈಚಾಚಿದರೆ ಸಿಗುವಷ್ಟು ಹತ್ತಿರವೇ ಇದ್ದ ಒಂದು ಇಡೀ ಊರು ಕಾಣೆಯಾಗಿತ್ತು. ಹುಡುಕಿಕೊಟ್ಟವರು ಪೊಲೀಸರಲ್ಲ, ಹಿಟ್ಟಿನ ಅಂಟು ಕಾಯಿಸುವ ಒಬ್ಬ ಹೆಂಗಸು.

ಬೆಳಕು ಇನ್ನೂ ಕಣ್ಣುಜ್ಜಿಕೊಳ್ಳುತ್ತಿದೆ. ಹಳೆಯ ಗ್ರಂಥಾಲಯದ ಹಿಂಬದಿಯ ನಕ್ಷೆ ಕೋಣೆಯಲ್ಲಿ ಸ್ಟೌ ಮೇಲಿನ ಪಾತ್ರೆ ಕೊತಕೊತ ಅನ್ನುತ್ತಿದೆ. ತಿಂಡಿ ಎಂದು ಆಸೆಪಟ್ಟಿರೋ, ಕೆಟ್ಟಿರಿ. ಕುದಿಯುತ್ತಿರುವುದು ಗೋಧಿ ಹಿಟ್ಟಿನ ಅಂಟು. ಎಲ್ಲರೂ ‘ಅಂಟಕ್ಕ’ ಎಂದು ಕರೆಯುವ ಈಕೆ ಒಂದು ತೊಟ್ಟು ತೆಗೆದು ಎರಡು ಬೆರಳ ನಡುವೆ ಎಳೆದು ನೋಡುತ್ತಾಳೆ, ಆಮೇಲೆ ನಾಲಿಗೆಗೂ ತಾಗಿಸುತ್ತಾಳೆ. “ಅಂಟು ತಿಂದ್ರೆ ಬಾಯಿ ಮುಚ್ಚಿಕೊಳ್ಳುತ್ತೆ ಅಂತಾರೆ. ಮದುವೆಯಾದಾಗಿನಿಂದ ರುಚಿ ನೋಡ್ತಿದ್ದೀನಿ. ನನ್ ಬಾಯಿ ಮುಚ್ಚಿದ್ಯಾ, ನೀವೇ ಹೇಳಿ.” ಬಿಸಿಲೇರಿದರೆ ಅಂಟು ಬೇಗ ಒಣಗಿ ಕಾಗದ ಸೊಟ್ಟಗಾಗುತ್ತದೆ. ಹಾಗಾಗಿ ಊರು ಹಲ್ಲುಜ್ಜುವ ಹೊತ್ತಿಗೆ ಈಕೆ ಒಂದು ಬೆಟ್ಟವನ್ನೋ ಎರಡು ಹಳ್ಳವನ್ನೋ ಅಂಟಿಸಿ ಮುಗಿಸಿರುತ್ತಾಳೆ.

ಬೆಟ್ಟ ಅಂದರೆ ಕಾಗದದ ಬೆಟ್ಟ. ಸುತ್ತಲಿನ ಹಳ್ಳಿಗಳನ್ನು ಹಿಂದೆ ಅಳೆದು ಅಚ್ಚು ಹಾಕಿದ ಸರ್ವೆ ನಕ್ಷೆಗಳು ಇಲ್ಲಿವೆ. ಕಂದು ಗೆರೆ ಎಂದರೆ ದಿಬ್ಬ, ನೀಲಿ ಎಂದರೆ ಹಳ್ಳ, ಕೆಂಪು ಎಂದರೆ ದಾರಿ, ಕರಿ ಚುಕ್ಕಿ ಎಂದರೆ ಮನೆ. ತಮ್ಮ ಊರಿನ ಹಳೆಯ ಬಾವಿ ಎಲ್ಲಿತ್ತು, ಗಾಡಿ ದಾರಿ ಯಾವ ಕಡೆ ಹೋಗುತ್ತಿತ್ತು ಎಂದು ಹುಡುಕಿಕೊಂಡು ಬರುವವರಿಗೆ ಇವೇ ಸಾಕ್ಷಿ. ಹರಿದ ಸಾಕ್ಷಿಯನ್ನು ನೀರಿನಲ್ಲಿ ತೇಲಿಸಿ, ನೀರು ಹೀರುವ ಒತ್ತುಕಾಗದದ ಮೇಲೆ ಮಲಗಿಸಿ, ಬೆನ್ನಿಗೆ ಬಟ್ಟೆ ಕೊಟ್ಟು ಮತ್ತೆ ನಿಲ್ಲಿಸುವುದು ಅಂಟಕ್ಕನ ಕೆಲಸ. ದಿನಕ್ಕೆ ಎರಡು ಹಾಳೆಯಾದರೆ ಹಬ್ಬ. ಸೊಂಟ ಮಾತ್ರ ಹರಿದೇ ಇರುತ್ತದೆ. ಅದಕ್ಕೆ ಅಂಟು ಹಿಡಿಯುವುದಿಲ್ಲ.

ಕೆಲಸ ಕಲಿಸಿದ್ದು ಗಂಡನ ಅಪ್ಪ. ಈ ಕೋಣೆಯಲ್ಲೇ ಅಂಟಿಸಿ ಅಂಟಿಸಿ ನಿವೃತ್ತರಾದವರು. ಅವರ ಪಾಠವನ್ನು ಅಂಟಕ್ಕ ಗಂಟಲು ಕಟ್ಟಿಸಿಕೊಂಡು ಅನುಕರಿಸುತ್ತಾಳೆ: “‘ಏನಮ್ಮಾ, ಕುಂಚ ಹಿಡಿದಿದ್ದೀಯೋ ಪೊರಕೆ ಹಿಡಿದಿದ್ದೀಯೋ?’ ಮಾವ ಒಂದು ದಿನಾನೂ ಚೆನ್ನಾಗಿದೆ ಅಂದೋರಲ್ಲ. ಬೈಲಿಲ್ಲ ಅಂದ್ರೆ ಅದೇ ಬಹುಮಾನ.” ಕಚೇರಿಯ ಕಾಗದಪತ್ರದಲ್ಲಿ ಈಕೆಯದು ಇಂದಿಗೂ ಕಸ ಗುಡಿಸುವ ಹುದ್ದೆ. “ಸುಳ್ಳೇನಲ್ಲ. ಮೊದಲು ಗುಡಿಸ್ತೀನಿ, ಆಮೇಲೆ ಭೂಮಿ ರಿಪೇರಿ ಮಾಡ್ತೀನಿ.”

ಈಗ ಕಾಣೆಯಾದ ಊರಿಗೆ ಬರೋಣ. ಆ ಊರಿನವನೇ ಹಾಲಣ್ಣ. ಬೆಳಗಾದರೆ ವ್ಯಾನಿನಲ್ಲಿ ಪಟ್ಟಣಕ್ಕೆ ಹಾಲು ತರುತ್ತಾನೆ. ಗ್ರಂಥಾಲಯದ ಬಾಗಿಲಲ್ಲಿ ವ್ಯಾನು ನಿಲ್ಲಿಸಿ, ನಕ್ಷೆ ಕೋಣೆಯ ಗೋಡೆಗೆ ಬೆನ್ನು ಕೊಟ್ಟು ನಿಂತು ದಿನಾ ಒಂದೇ ಪ್ರಶ್ನೆ ಕೇಳುತ್ತಿದ್ದ: “ಸಿಕ್ತಾ ಅಕ್ಕಾ?”

ನಿವೃತ್ತ ಮೇಷ್ಟ್ರೊಬ್ಬರು ಸುತ್ತಲಿನ ಹಳ್ಳಿಗಳ ಚರಿತ್ರೆಯ ಪುಸ್ತಕ ಬರೆಯುತ್ತಿದ್ದರು. ತಿಂಗಳ ಕೊನೆಗೆ ಅಚ್ಚಿಗೆ ಹೋಗಬೇಕು. ಅದರಲ್ಲಿ ಹಾಲಣ್ಣನ ಊರಿಗೆ ಜಾಗವಿಲ್ಲ. ಈಚಿನ ನಕ್ಷೆಯಲ್ಲಿ ಊರಿದೆ. ಹಳೆಯ ನಕ್ಷೆಯಲ್ಲಿ ಅದೇ ಜಾಗದಲ್ಲಿ ತೂತಿದೆ. ಪಕ್ಕದೂರಿನವರಿಗೆ ಅಷ್ಟು ಸಾಕು, ‘ನಿನ್ನೆ ಮೊನ್ನೆ ಬಂದು ತಳವೂರಿದವರು’ ಎಂದು ಆಡಿಕೊಳ್ಳಲು.

“ನಮ್ಮಜ್ಜಿ ಹುಟ್ಟಿದ ಮನೆ ಅಕ್ಕಾ ಅದು,” ಎನ್ನುತ್ತಿದ್ದ ಹಾಲಣ್ಣ. “ನಮ್ಮಜ್ಜಿ ಏನ್ ತೂತಲ್ಲಿ ಹುಟ್ಟಿದ್ಳಾ?”

ಮೇಷ್ಟ್ರು ಕೆಟ್ಟವರಲ್ಲ, ಕಟ್ಟುನಿಟ್ಟಿನವರು. “ನನಗೇನು ಹೊಟ್ಟೆಕಿಚ್ಚೇನಪ್ಪಾ? ಒಂದೇ ಒಂದು ಚುಕ್ಕಿ ತೋರಿಸು, ಅಚ್ಚು ನಿಲ್ಲಿಸಿ ಪುಟ ಸೇರಿಸ್ತೀನಿ. ತೂತು ನೋಡಿ ಊರು ಅಂತ ಬರೆದ್ರೆ ನಾಳೆ ಇಲಿ ಕಡಿದಲ್ಲೆಲ್ಲ ಊರು ಹುಟ್ಟುತ್ತೆ.”

ಆ ಹಳೆಯ ನಕ್ಷೆಯ ಮೂರು ಪ್ರತಿಗಳು ಸುತ್ತಮುತ್ತ ಸಿಕ್ಕವು. ಮೂರರಲ್ಲೂ ತೂತು. ಅಂಟಕ್ಕ ಮೂರನ್ನೂ ಒಂದರ ಮೇಲೊಂದು ಇಟ್ಟಳು. ತೂತಿನೊಳಗೆ ಬೆರಳು ಹಾಕಿದರೆ ಮೇಜಿಗೆ ತಾಗಿತು. “ಇಲಿಗೆ ಇಷ್ಟು ಲೆಕ್ಕ ಬರುತ್ತಾ ಮೇಷ್ಟ್ರೇ?” ಎಂದಳು. ಬರುವುದಿಲ್ಲ. ಅಚ್ಚಾದ ಹಾಳೆಗಳನ್ನೆಲ್ಲ ಸರ್ವೆ ಕಚೇರಿಯಲ್ಲಿ ಒಂದೇ ಥರ ಮಡಚುತ್ತಿದ್ದರು, ಜೇಬಿಗೆ ಹಿಡಿಸಲೆಂದು. ಉದ್ದ ಮಡಿಕೆ ಮತ್ತು ಅಡ್ಡ ಮಡಿಕೆ ಕೂಡುವಲ್ಲಿ ಕಾಗದ ಮೊದಲು ಸವೆಯುತ್ತದೆ. ಹಾಲಣ್ಣನ ಊರು ಸರಿಯಾಗಿ ಆ ಕೂಡುವ ಜಾಗದಲ್ಲೇ ಕೂತಿತ್ತು. ಮೇಷ್ಟ್ರು ಕನ್ನಡಕ ಒರೆಸಿಕೊಂಡು ಅಂದರು: “ಹಾಗಾದ್ರೆ ಮಡಚದೇ ಇರೋ ಹಾಳೆ ಬೇಕು.” ಮಡಚದ ಹಾಳೆ ಯಾವ ಕಪಾಟಿನಲ್ಲೂ ಇರಲಿಲ್ಲ. ಹಾಲಣ್ಣ ಗೋಡೆಗೆ ಒರಗಿ ನಿಟ್ಟುಸಿರುಬಿಟ್ಟು ಹೋದ.

ಅವನು ದಿನಾ ಒರಗುತ್ತಿದ್ದದ್ದು ಬರಿಗೋಡೆಗಲ್ಲ, ಗೋಡೆ ತುಂಬ ತೂಗುಬಿದ್ದಿದ್ದ ಜಿಲ್ಲೆಯ ದೊಡ್ಡ ನಕ್ಷೆಗೆ. ಸುಣ್ಣ ಹೊಡೆಯುವವರು ಬಂದರೆಂದು ಅದನ್ನು ಕೆಳಗಿಳಿಸಿದಾಗ ಬೆನ್ನಿನ ಬಟ್ಟೆ ಒಂದು ಅಂಚಿನಲ್ಲಿ ಎದ್ದಿತ್ತು. ಮೂಲೆಯಲ್ಲಿ ಪೆನ್ಸಿಲ್ಲಿನ ಪುಟಾಣಿ ಬಾತುಕೋಳಿ. ಅದು ಮಾವನ ಗುರುತು. ತಾವು ಬೆನ್ನು ಕಟ್ಟಿದ ನಕ್ಷೆಗೆಲ್ಲ ಒಂದೊಂದು ಬಾತುಕೋಳಿ ಬಿಡುತ್ತಿದ್ದರು. ಅಂಟಕ್ಕ ಹೊಸ ಬೆನ್ನು ಕಟ್ಟೋಣವೆಂದು ಬಟ್ಟೆ ನೆನೆಸಿ ಬಿಡಿಸತೊಡಗಿದಳು. ಬಟ್ಟೆಯ ಒಳಗೆ ಗಟ್ಟಿಗಿರಲಿ ಎಂದು ಒತ್ತಾಗಿ ಅಂಟಿಸಿದ್ದ ರದ್ದಿ ಕಾಗದ. ಅಂಗೈಯಗಲ ಎದ್ದು ಬಂದಾಗ ಕಂದು ಗೆರೆ ಕಂಡಿತು. ಇನ್ನೊಂದು ಗೇಣು ಬಂದಾಗ ನೀಲಿ ಹಳ್ಳ. ಅಂಟಕ್ಕನ ಕೈ ನಿಂತಿತು. ತೂತಿನ ಪಕ್ಕದ ಆ ಹಳ್ಳದ ತಿರುವನ್ನು ಆಕೆ ಮೂರೂ ಪ್ರತಿಗಳಲ್ಲಿ ಅಂಟಿಸಿದ್ದಳು.

ಅದೇ ನಕ್ಷೆ. ಅಚ್ಚಾಗುವಾಗ ಕೆಂಪು ಬಣ್ಣ ಪಕ್ಕಕ್ಕೆ ಸರಿದು ದಾರಿಗಳೆಲ್ಲ ಹಳ್ಳಕ್ಕೆ ಬಿದ್ದಿವೆ, ಅದಕ್ಕೇ ರದ್ದು. ರದ್ದಾದ್ದರಿಂದ ಯಾರೂ ಮಡಚಲಿಲ್ಲ. ಮಡಚದ್ದರಿಂದ ತೂತಿಲ್ಲ. ನಟ್ಟನಡುವೆ ಕರಿ ಚುಕ್ಕಿಗಳ ಒಂದು ಗುಂಪು, ಕೆಳಗೆ ಊರಿನ ಹೆಸರು, ಅಂಚಿನಲ್ಲಿ ಅಚ್ಚಾದ ಇಸವಿ. ಮೇಷ್ಟ್ರು ಭೂತಗನ್ನಡಿ ಹಿಡಿದು ಬಗ್ಗಿದವರು ಬಹಳ ಹೊತ್ತು ಏಳಲಿಲ್ಲ. ಎದ್ದವರೇ ಅಚ್ಚುಕೂಟಕ್ಕೆ ಫೋನ್ ಮಾಡಿ ಕಿರುಚಿದರು: “ನಿಲ್ಸಿ! ಯಂತ್ರ ನಿಲ್ಸಿ! ಒಂದು ಊರು ಬರ್ತಾ ಇದೆ!” ಹಾಲಣ್ಣ ಆ ದಿನ ಕಂಡಕಂಡವರಿಗೆಲ್ಲ ಪುಕ್ಕಟೆ ಹಾಲು ಹೊಯ್ದ. ವ್ಯಾನು ಖಾಲಿಯಾದ ಮೇಲೂ ಹಾರ್ನು ಹೊಡೆಯುತ್ತಲೇ ಇದ್ದ.

ಇಷ್ಟಾದರೂ ಅಂಟಕ್ಕನಿಗೆ ತೃಪ್ತಿಯಿಲ್ಲ. “ಊರು ಸಿಕ್ತು ಸರಿ. ಬಚ್ಚಿಟ್ಟೋರನ್ನ ಬಿಡೋದಾ?”

ಹೀಗಾಗಿ ಈ ಬೆಳಿಗ್ಗೆ ಸೊಸೆ ಮಾವನನ್ನು ರಿಕ್ಷಾದಲ್ಲಿ ಕರೆತಂದು ನಕ್ಷೆ ಕೋಣೆಯಲ್ಲಿ ಕೂರಿಸಿದ್ದಾಳೆ. ಎದುರಿಗೆ ಮೇಷ್ಟ್ರ ಕೋಟು ತೊಟ್ಟ ಹಾಲಣ್ಣ, ಕಂಕುಳಲ್ಲಿ ಫೈಲು, ಗಂಟಲಲ್ಲಿ ಎರವಲು ತಂದ ತನಿಖಾ ಸಾಹೇಬರ ದನಿ. ಮಾವ ಅವನನ್ನು ಹಿಂದೆಂದೂ ಕಂಡವರಲ್ಲ.

“ನಿಮ್ಮ ಮೇಲೆ ದೂರು ಬಂದಿದೆ. ನೀವು ನೌಕರಿಯಲ್ಲಿದ್ದಾಗ ಒಂದು ಊರು ಕಾಣೆಯಾಗಿದೆ.”

ಮಾವ ಕುರ್ಚಿಯಿಂದ ಎದ್ದು ನಿಲ್ಲುತ್ತಾರೆ. “ಊರಾ? ಸ್ವಾಮಿ, ನಾನು ಕಚೇರಿಯ ಒಂದು ಗುಂಡುಸೂಜೀನೂ ಮನೆಗೆ ಒಯ್ದೋನಲ್ಲ.”

“ಹದಿನಾಲ್ಕು ಮನೆ, ಎರಡು ಬಾವಿ, ಒಂದು ಕೆರೆ. ಎಲ್ಲಿಟ್ಟಿದ್ದೀರಿ?”

“ಅಷ್ಟನ್ನೂ ಎಲ್ಲಿ ಇಡ್ಲಿ ಸ್ವಾಮಿ? ನಮ್ಮನೇಲಿ ಸೈಕಲ್ ಇಡೋಕೆ ಜಾಗ ಇಲ್ಲ!”

ಸೊಸೆ ಸೆರಗು ಬಾಯಿಗೆ ತುರುಕಿಕೊಂಡಿದ್ದಾಳೆ. ಮೇಷ್ಟ್ರು ಕಿಟಕಿಯ ಕಡೆ ತಿರುಗಿ ನಿಂತಿದ್ದಾರೆ, ಬೆನ್ನು ಮಾತ್ರ ಕುಲುಕುತ್ತಿದೆ. ಸಾಹೇಬರು ಮೇಜಿನ ಮೇಲಿನ ಬಟ್ಟೆ ಸರಿಸುತ್ತಾರೆ. ಮಾವ ಬಗ್ಗುತ್ತಾರೆ. ಸರಿದ ಕೆಂಪು ಬಣ್ಣವನ್ನು ನೋಡುತ್ತಾರೆ, ಪಕ್ಕದಲ್ಲಿಟ್ಟ ಹಳೆಯ ಬೆನ್ನುಬಟ್ಟೆಯ ಬಾತುಕೋಳಿಯನ್ನು ನೋಡುತ್ತಾರೆ.

“ಇದಾ! ಸರ್ವೆ ಕಚೇರಿಯೋರು ರದ್ದಿ ಅಂತ ಒಲೆಗೆ ಹಾಕೋಕೆ ಹೊರಟಿದ್ರು. ಒಳ್ಳೇ ಗಟ್ಟಿ ಕಾಗದ, ಸುಡೋಕೆ ಮನಸ್ಸು ಬರ್ಲಿಲ್ಲ…”

ಸಾಹೇಬರ ದನಿ ಅಲ್ಲಿಗೆ ಒಡೆಯುತ್ತದೆ. “ತಾತಾ, ಅದು ನಮ್ಮೂರು. ಇಗೋ, ಈ ಚುಕ್ಕಿ ನಮ್ಮಜ್ಜಿ ಮನೆ.” ಕೋಟಿನ ತೋಳಿನಲ್ಲೇ ಹಾಲಣ್ಣ ಕಣ್ಣೊರೆಸಿಕೊಳ್ಳುತ್ತಾನೆ.

ಮಾವ ಅವನನ್ನು ನೋಡುತ್ತಾರೆ, ಅಳತೆಗೆ ಮೀರಿದ ಕೋಟನ್ನು ನೋಡುತ್ತಾರೆ, ನಗು ತಡೆದು ಕೆಂಪಾದ ಸೊಸೆಯನ್ನು ನೋಡುತ್ತಾರೆ. ಎಲ್ಲವೂ ಅರ್ಥವಾಗುತ್ತದೆ. ಆದರೂ ಬಾಯಿಂದ ಬರುವ ಪ್ರಶ್ನೆ ಕಸುಬಿನದೇ.

“ಅಂಟು ಹಿಡಿದಿತ್ತೇನಮ್ಮಾ?”

“ಹಿಡಿದಿತ್ತಾ? ನಿಮ್ಮ ಅಂಟು ಬಿಡಿಸೋ ಹೊತ್ತಿಗೆ ನನ್ನ ಉಗುರೇ ಹೋಯ್ತು ಮಾವ.”

“ಮತ್ತೆ! ಕದ್ದರೆ ಹಾಗೆ ಕದೀಬೇಕು!” ಎಂದು ಮಾವ ಮೇಜು ಗುದ್ದಿ ನಗತೊಡಗುತ್ತಾರೆ. ಸದ್ದು ಎಷ್ಟು ದೊಡ್ಡದೆಂದರೆ ಪಕ್ಕದ ಓದುವ ಕೋಣೆಯಿಂದ ಯಾರೋ “ಶ್…” ಎನ್ನುತ್ತಾರೆ. ಮಾವ ಅತ್ತ ತಿರುಗಿ, “ಬರ್ಕೊಳ್ಳಿ ಸ್ವಾಮಿ, ಒಪ್ಕೊಂಡಿದ್ದೀನಿ!” ಎಂದು ಇನ್ನೂ ಜೋರಾಗಿ ನಗುತ್ತಾರೆ.