ಅಪ್ಪನ ತಲೆಯಲ್ಲಿ ಉಳಿದ ಹಾದಿ

ತೊಂಬತ್ತರ ದಶಕದಲ್ಲಿ ಕಲಬುರಗಿಯ ಕಾಲೇಜೊಂದರಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತಿದ್ದೆ. ಇಲಿಯ ಮೆದುಳಿನ ಪಾಠವೆಂದರೆ ನನಗೆ ಎಲ್ಲಿಲ್ಲದ ಹುರುಪು. ಹಿಪ್ಪೊಕ್ಯಾಂಪಸ್ ಎಂಬ ಸಣ್ಣ ಭಾಗ. ಇಲಿ ಒಂದೊಂದು ಜಾಗಕ್ಕೆ ಬಂದಾಗ ಆ ಭಾಗದಲ್ಲಿ ಒಂದೊಂದು ಕೋಶ ಚುರುಕಾಗುತ್ತದೆ, ಹಾಗೆ ಅದು ತನ್ನ ಹಾದಿ ಕಲಿಯುತ್ತದೆ. ಇಲಿಗಿದ್ದದ್ದೇ ಎತ್ತಿಗೂ, ಮನುಷ್ಯನಿಗೂ. ಬೋರ್ಡಿನ ಮೇಲೆ ಚಿತ್ರ ಬರೆದು ಮೆರೆಯುತ್ತಿದ್ದೆ. ಅದೇ ಭಾಗ ಅಪ್ಪನ ತಲೆಯಲ್ಲಿ ಸಾಯುತ್ತಿತ್ತು.

ಅಪ್ಪ ಕಮಲಾಪುರದ ಗಾಡಿಕಾರ. ಕಲಬುರಗಿಯ ನೆಹರು ಗಂಜ್ ಮಾರುಕಟ್ಟೆಯಲ್ಲಿ ತೊಗರಿ ಇಳಿಸಿದ ಮೇಲೆ ಬರಿಗಾಡಿಯಲ್ಲಿ ಕಂಬಳಿ ಹೊದ್ದು ಮಲಗಿಬಿಡುತ್ತಿದ್ದ. ಎತ್ತುಗಳೇ ಮನೆ ಬಾಗಿಲಿಗೆ ತಂದು ನಿಲ್ಲಿಸುತ್ತಿದ್ದವು. ಎತ್ತು ಮನೆ ಮುಟ್ಟಿದರೆ ಗಾಡಿಯಲ್ಲಿದ್ದವನೂ ಮುಟ್ಟಿದಂತೆ ಎಂಬುದು ನಮ್ಮವರ ನಂಬಿಕೆ.

ಅವ್ವ ಸತ್ತ ಮೇಲೆ ಮಗಳಾದ ನಾನೇ ಅಪ್ಪನನ್ನು ಕಲಬುರಗಿಯ ಅಂಚಿನ ಶರಣಸಿರಸಗಿಯ ಹೊಸ ಲೇಔಟಿನ ನನ್ನ ಮನೆಗೆ ಕರೆತಂದೆ. ಅಲ್ಲಿ ಎಲ್ಲ ಮನೆಗೂ ಒಂದೇ ತರಹದ ಗೇಟು. ಹಾಲು ತರಲು ಹೋದವನು ಯಾರದೋ ಕಟ್ಟೆಯ ಮೇಲೆ ಕೂತು ಅಳುತ್ತಿದ್ದ. ಬರಬರುತ್ತ ನಾನು ಯಾರೆಂಬುದೂ ಅವನಿಗೆ ಮರೆತುಹೋಯಿತು. ಹೊಸದು ತಲೆಗೆ ಹತ್ತುವುದಿಲ್ಲ, ಹಳೆಯದು ಇನ್ನೂ ಸ್ವಲ್ಪ ಉಳಿದಿರುತ್ತದೆ ಎಂದರು ಡಾಕ್ಟರು. ಮನೆಗೆ ಬಂದು ಪುಸ್ತಕಗಳನ್ನೆಲ್ಲ ತಿರುವಿಹಾಕಿದೆ. ಓದಿ ಏನು ಬಂತು, ಮಣ್ಣು!

ಆದರೂ ಒಂದು ಆಸೆ ಹುಟ್ಟಿತು. ಹಳೆಯ ಮನೆ ನೆನಪಾದರೆ ಅದರ ಹಿಂದೆ ನಾನೂ ನೆನಪಾಗಬಹುದು. ಕಮಲಾಪುರದಲ್ಲಿ ಬಸ್ಸಿಳಿದು, "ಅಪ್ಪಾ, ನೀ ಮುಂದ ನಡಿ. ಮನಿ ನೀನೇ ತೋರಿಸು" ಅಂದೆ.

ಅಪ್ಪ ನಡೆದ. ಬಜಾರು ದಾಟಿ, ಬಾವಿಯ ಹತ್ತಿರ ತಿರುಗಿ, ಯಾರನ್ನೂ ಕೇಳದೆ ನಮ್ಮ ಓಣಿ ಹಿಡಿದ. ಬಾಗಿಲ ಚಿಲಕವನ್ನು ನೋಡದೆಯೇ ಅವನ ಕೈ ಹುಡುಕಿಕೊಂಡಿತು. ಅಪ್ಪ ಗೆದ್ದ, ನಾನು ಗೆದ್ದೆ ಅಂದುಕೊಂಡು ಕಟ್ಟೆಯ ಮೇಲೆ ಅವನ ಪಕ್ಕ ಕೂತೆ.

ಅವನು ಸಂಕೋಚದಿಂದ ಸರಿದು ಜಾಗ ಬಿಟ್ಟ. "ಕೂಡ್ರಿ ಬಾಯಾರ. ಯಾರ ಪೈಕಿ ನೀವು?"

"ಅಪ್ಪಾ, ನಾ ನಿನ್ನ ಮಗಳು."

ಅಪ್ಪ ನನ್ನ ಮುಖವನ್ನೇ ನೋಡಿ ನಕ್ಕ. "ಇಲ್ರೀ. ನನ್ನ ಮಗಳು ಕಲಬುರಗ್ಯಾಗ ಇರ್ತಾಳ, ಕಾಲೇಜಿನ್ಯಾಗ ಕಲಸ್ತಾಳ. ಪಾಪ, ನನ್ನ ಹುಡಕಾಕತ್ತಿರಬೇಕು. ಆ ಕಡೆ ಹೋದ್ರ ಆಕಿಗಿ ಹೇಳಿಬಿಡ್ರಿ, ನಾ ಮನಿ ಮುಟ್ಟೀನಂತ."

"ಹೇಳ್ತೀನ್ರೀ" ಅಂದೆ.